ಬೇ ಏರಿಯಾದಲ್ಲಿ ವ್ಯಾನಿನಲ್ಲಿ ವಾಸ: ಯಾರ ಕಣ್ಣಿಗೂ ಬೀಳದೆ ರಾತ್ರಿ ಕಳೆಯುವುದು ಹೇಗೆ?

ಸೀಗೆಪೊದೆ:

ಎಲ್ಲರಿಗೂ ನಮಸ್ಕಾರ. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಹತ್ತಿರ ಕೆಲಸ, ಎಚ್-1ಬಿ ವೀಸಾ. ಮನೆಯ ಲೀಸ್ ಮುಗಿದಾಗ ಮತ್ತೆ ಸಹಿ ಹಾಕಲಿಲ್ಲ. ತಂಗಿ ಮದುವೆಗೂ ಅಪ್ಪನ ಆಪರೇಷನ್ನಿಗೂ ಊರಲ್ಲಿ ಮಾಡಿದ ಸಾಲ ಇದೆ. ಇಲ್ಲಿನ ಬಾಡಿಗೆ ಕಟ್ಟುತ್ತಾ ಕೂತರೆ ಅದು ತೀರುವ ಲಕ್ಷಣ ಕಾಣಲಿಲ್ಲ. ಒಬ್ಬ ಎಲೆಕ್ಟ್ರಿಷಿಯನ್ ಮಾರುತ್ತಿದ್ದ ಬಿಳಿ ರ‍್ಯಾಮ್ ಪ್ರೋಮಾಸ್ಟರ್ ಕಾರ್ಗೋ ವ್ಯಾನ್ ಕೊಂಡೆ, ಹೈ ರೂಫ್. ಹಾಸಿಗೆ, ಲಿಥಿಯಂ ಬ್ಯಾಟರಿ, ಮೇಲೊಂದು ಫ್ಯಾನ್, ಇಷ್ಟೇ. ಒಳಗೆ ಚೆನ್ನಾಗಿಯೇ ಇದೆ, ನಿದ್ದೆಯೂ ಬರುತ್ತದೆ.

ತೊಂದರೆ ಇರುವುದು ಹೊರಗೆ. ಮೊನ್ನೆ ಬೆಳಿಗ್ಗೆ ವೈಪರ್ ಕೆಳಗೆ ಒಂದು ಚೀಟಿ ಸಿಕ್ಕಿತು. ನೀನು ಇಲ್ಲಿ ಮಲಗುತ್ತೀಯ ಅಂತ ಗೊತ್ತು, ಇನ್ನೊಮ್ಮೆ ಕಂಡರೆ ಪೊಲೀಸರಿಗೆ ಫೋನ್ ಮಾಡುತ್ತೇವೆ ಅಂತ ಬರೆದಿದ್ದರು. ನಾನು ಗಲಾಟೆ ಮಾಡಿಲ್ಲ, ಕಸ ಹಾಕಿಲ್ಲ, ಹಾಡು ಸಹ ಹಾಕುವುದಿಲ್ಲ. ಏನು ನೋಡಿ ಅವರಿಗೆ ಗೊತ್ತಾಯಿತು? ಎಲ್ಲಿ ನಿಲ್ಲಿಸಬೇಕು? ಅಡುಗೆ ಹೇಗೆ ಮಾಡುತ್ತೀರಿ? ವೀಸಾದವರಿಗೆ ವಿಳಾಸದ ವಿಷಯದಲ್ಲಿ ತೊಂದರೆ ಆಗುತ್ತದಾ? ಇದರಲ್ಲಿ ಇದ್ದು ಬಂದವರು ದಯವಿಟ್ಟು ಹೇಳಿ. ಕನ್ನಡದಲ್ಲಿ ಈ ಬಗ್ಗೆ ಎಲ್ಲಿ ಹುಡುಕಿದರೂ ಏನೂ ಸಿಗಲಿಲ್ಲ.

ಹಳೇಚಕ್ರ:

ಸೀಗೆಪೊದೆ ಅವರೇ, ನಾನು ಲಾಸ್ ಏಂಜಲೀಸ್‌ನಲ್ಲೂ ಬೇ ಏರಿಯಾದಲ್ಲೂ ವ್ಯಾನಿನಲ್ಲಿ ಇದ್ದವನು, ಈಗಲೂ ಇದ್ದೇನೆ. ಉದ್ದ ಬರೆಯುತ್ತೇನೆ, ಪುರುಸೊತ್ತಿನಲ್ಲಿ ಓದಿ.

ಮೊದಲ ಮಾತು: ಬದುಕುವ ಜಾಗ ಬೇರೆ, ಮಲಗುವ ಜಾಗ ಬೇರೆ ಇರಬೇಕು. ಊಟ, ಸ್ನಾನ, ಹಲ್ಲುಜ್ಜುವುದು, ಫೋನಿನಲ್ಲಿ ಮಾತು, ಬಟ್ಟೆ ಮಡಚುವುದು, ಎಲ್ಲವೂ ಬೇರೆ ಕಡೆ ಮುಗಿಯಬೇಕು. ಜಿಮ್, ಲೈಬ್ರರಿ, ಪಾರ್ಕ್, ಆಫೀಸ್, ಎಲ್ಲಾದರೂ ಸರಿ. ಮಲಗುವ ಬೀದಿಗೆ ಬರುವಾಗ ನಿಮಗೆ ಉಳಿದಿರುವ ಕೆಲಸ ಮಲಗುವುದೊಂದೇ. ರಾತ್ರಿ ಹತ್ತು ಗಂಟೆ ಮೇಲೆ ಬನ್ನಿ, ಬೆಳಿಗ್ಗೆ ಏಳರೊಳಗೆ ಹೊರಡಿ. ಬೇರೆಯವರು ವಾಕಿಂಗ್ ಹೋಗುವ ಹೊತ್ತಿಗೆ ನಿಮ್ಮ ವ್ಯಾನ್ ಅಲ್ಲಿ ಇರಬಾರದು.

ಬಂದು ನಿಲ್ಲಿಸುವುದರಲ್ಲೂ ಕ್ರಮ ಇದೆ. ಹಾಸಿಗೆ ಹಾಸುವುದು, ಕಿಟಕಿಗೆ ಮರೆ ಹಾಕುವುದು, ಮೂತ್ರಕ್ಕೆ ಹೋಗಿ ಬರುವುದು, ಎಲ್ಲ ಹಿಂದಿನ ಜಾಗದಲ್ಲೇ ಮುಗಿಸಿ. ಬೀದಿಗೆ ಬಂದು ಎಂಜಿನ್ ಆಫ್ ಮಾಡಿ, ಡ್ರೈವರ್ ಸೀಟಿನಿಂದ ಒಳಗಿಂದೊಳಗೇ ಹಿಂದಕ್ಕೆ ಹೋಗಿ. ಪಕ್ಕದ ಜಾರುವ ಬಾಗಿಲು ತೆಗೆಯಲೇಬೇಡಿ. ಪ್ರೋಮಾಸ್ಟರ್‌ನ ಆ ಬಾಗಿಲು ಎಳೆದರೆ ಅರ್ಧ ಬೀದಿಗೆ ಕೇಳುತ್ತದೆ. ರಿಮೋಟ್‌ನಿಂದ ಲಾಕ್ ಮಾಡಬೇಡಿ, ಲೈಟ್ ಮಿನುಗುತ್ತದೆ, ಕೆಲವು ಗಾಡಿಗಳಲ್ಲಿ ಹಾರ್ನ್ ಬೇರೆ ಹೊಡೆಯುತ್ತದೆ. ಒಳಗಿನ ಬಟನ್ ಒತ್ತಿ. ಬಾಗಿಲು ತೆಗೆದಾಗ ಹತ್ತುವ ಒಳಗಿನ ಲೈಟನ್ನು ಶಾಶ್ವತವಾಗಿ ಆಫ್ ಮಾಡಿಬಿಡಿ. ವ್ಯಾನ್ ನಿಂತು ಯಾರೂ ಕೆಳಗಿಳಿಯದಿದ್ದರೆ ಅದನ್ನೂ ಗಮನಿಸುವವರು ಇದ್ದಾರೆ, ಅದಕ್ಕೇ ಬೀದಿ ಪೂರ್ತಿ ನಿದ್ದೆಗೆ ಜಾರಿದ ಮೇಲೆ ಬರುವುದು.

ಬೆಳಕು. ಒಂದು ರಾತ್ರಿ ಯಾವುದಾದರೂ ಖಾಲಿ ಜಾಗದಲ್ಲಿ ಒಳಗಿನ ಲೈಟ್ ಎಲ್ಲ ಹಾಕಿ, ಹೊರಗೆ ಬಂದು ವ್ಯಾನಿನ ಸುತ್ತ ನಿಧಾನವಾಗಿ ಒಂದು ಸುತ್ತು ಹಾಕಿ. ಸೂಜಿ ತೂರುವಷ್ಟು ಸಂದಿಯಿಂದಲೂ ಬೆಳಕು ಗೆರೆಯಾಗಿ ಕಾಣುತ್ತದೆ. ಹಿಂದಿನ ಬಾಗಿಲುಗಳ ನಡುವೆ, ಫ್ಯಾನಿನ ಸುತ್ತ, ಮುಂದಿನ ಪರದೆಯ ಕೆಳಗಡೆ ನೋಡಿ. ಬಹಳ ಜನ ಕಿಟಕಿಗೆ ಬೆಳ್ಳಿ ಬಣ್ಣದ ಬಬಲ್ ಶೀಟ್ ಅಂಟಿಸುತ್ತಾರೆ. ಬಿಸಿಲಿಗೆ ಒಳ್ಳೆಯದೇ, ಆದರೆ ಹೊರಗಿನಿಂದ ಹೊಳೆಯುತ್ತದೆ. ಅದರ ಹೊರಮೈಗೆ ಕಪ್ಪು ಬಟ್ಟೆ ಹೊಲಿಸಿ. ಆಗ ಬರೀ ಟಿಂಟ್ ಹಾಕಿದ ಗಾಜಿನ ಹಾಗೆ ಕಾಣುತ್ತದೆ. ಟಿಂಟ್ ಹಾಕಿಸುವುದಾದರೆ ಕ್ಯಾಲಿಫೋರ್ನಿಯಾದಲ್ಲಿ ಡ್ರೈವರ್ ಪಕ್ಕದ ಎರಡು ಗಾಜಿನಲ್ಲಿ ಶೇ. 70 ಬೆಳಕು ಒಳಗೆ ಬರಲೇಬೇಕು, ಹಿಂದಿನ ಗಾಜು ಎಷ್ಟು ಕಪ್ಪಾದರೂ ಸರಿ.

ರಾತ್ರಿ ಮುಂದಿನ ಗಾಜಿಗೆ ಸನ್‌ಶೇಡ್ ಹಾಕಬೇಡಿ. ಬಿಸಿಲಿಲ್ಲದ ಹೊತ್ತಲ್ಲಿ ಸನ್‌ಶೇಡ್ ಯಾಕೆ ಬೇಕು, ಯಾರಿಗಾದರೂ ಅನುಮಾನ ಬರುತ್ತದೆ. ಸೀಟಿನ ಹಿಂದೆ ಕಪ್ಪು ಪರದೆ ಅಥವಾ ಪ್ಲೈವುಡ್ ಅಡ್ಡಗೋಡೆ ಹಾಕಿ, ಮುಂದಿನ ಭಾಗ ಖಾಲಿ ಕಾಣಲಿ. ಕೆಲಸದ ಗಾಡಿಗಳಿಗೆ ಹೇಗಿದ್ದರೂ ಅಂಥ ಗೋಡೆ ಇರುತ್ತದೆ.

ಆಮೇಲೆ ಉಸಿರು. ನಿಮ್ಮನ್ನು ಕಂಡುಹಿಡಿದದ್ದು ಬಹುಶಃ ಇದರಿಂದಲೇ. ಬೆಳಗಿನ ಚಳಿಯಲ್ಲಿ ಸಾಲಾಗಿ ನಿಂತ ಗಾಡಿಗಳಲ್ಲಿ ಒಂದರ ಗಾಜು ಮಾತ್ರ ಒಳಗಡೆಯಿಂದ ಮಬ್ಬಾಗಿದ್ದರೆ ಒಳಗೆ ಯಾರೋ ಇದ್ದಾರೆ ಅಂತಲೇ ಅರ್ಥ. ಫ್ಯಾನನ್ನು ತೀರಾ ನಿಧಾನದಲ್ಲಿ ರಾತ್ರಿಯಿಡೀ ಓಡಿಸಿ, ಮುಂದಿನ ಕಿಟಕಿ ಒಂದು ಬೆರಳು ಇಳಿಸಿ. ಕಿಟಕಿ ಮೇಲೆ ಮಳೆ ತಡೆಯುವ ಪ್ಲಾಸ್ಟಿಕ್ ಪಟ್ಟಿ ಹಾಕಿಸಿದರೆ ಇಳಿಸಿದ್ದು ಗೊತ್ತಾಗಲ್ಲ.

ಜಾಗದ ಬಗ್ಗೆ: ಒಂಟಿ ಮನೆಗಳ ಮುಂದೆ ಬೇಡವೇ ಬೇಡ. ಶಾಲೆ, ಮಕ್ಕಳ ಪಾರ್ಕ್ ಹತ್ತಿರವೂ ಬೇಡ. ಅಪಾರ್ಟ್‌ಮೆಂಟ್‌ಗಳಿದ್ದು ರಾತ್ರಿ ಬೀದಿಯಲ್ಲಿ ಗಾಡಿಗಳು ತುಂಬಿರುವ ಕಡೆ, ವರ್ಕ್‌ಶಾಪ್‌ಗಳೂ ಮನೆಗಳೂ ಸೇರುವ ಅಂಚು, ಹೋಟೆಲ್ ಸಾಲು, 24 ಗಂಟೆ ಜನ ಓಡಾಡುವ ಆಸ್ಪತ್ರೆ ಸುತ್ತಲಿನ ಬೀದಿಗಳು, ಇವು ಪರವಾಗಿಲ್ಲ. ಬೀದಿ ಗುಡಿಸುವ ದಿನದ ಬೋರ್ಡ್ ಓದಿಕೊಳ್ಳಿ. ಒಂದೇ ಬೀದಿಯಲ್ಲಿ ಸತತ ಎರಡು ರಾತ್ರಿ ಬೇಡ. ಕ್ಯಾಲಿಫೋರ್ನಿಯಾದ ಬಹಳಷ್ಟು ಊರುಗಳಲ್ಲಿ 72 ಗಂಟೆ ಅಲುಗಾಡದ ಗಾಡಿಯನ್ನು ಎಳೆದುಕೊಂಡು ಹೋಗಬಹುದು, ಆದರೆ ನೀವು 72 ಗಂಟೆವರೆಗೆ ಕಾಯುವ ಪ್ರಶ್ನೆಯೇ ಬರಬಾರದು.

ಪ್ಲಮ್‌ಮರದ_ಮನೆ:

ನಾನು ಬೀದಿಯ ಇನ್ನೊಂದು ಕಡೆಯವನು. ಸನಿವೇಲ್‌ನಲ್ಲಿ ಸ್ವಂತ ಮನೆ, ಬಂದು ಬಹಳ ವರ್ಷ ಆಯಿತು. ಚೀಟಿ ಬರೆಯುವವರ ತಲೆಯಲ್ಲಿ ಏನಿರುತ್ತದೆ ಅಂತ ಹೇಳುತ್ತೇನೆ, ಉಪಯೋಗ ಆಗಬಹುದು.

ನಮ್ಮ ಬೀದಿಯವರೆಲ್ಲ ನೆರೆಹೊರೆಯವರ ಆ್ಯಪ್ ಆದ ನೆಕ್ಸ್ಟ್‌ಡೋರ್‌ನಲ್ಲಿದ್ದಾರೆ, ಮುಕ್ಕಾಲು ಮನೆಗೆ ಡೋರ್‌ಬೆಲ್ ಕ್ಯಾಮೆರಾ ಇದೆ. ಗಾಡಿಯನ್ನು ಜನ ನೋಡುವುದೇ ಇಲ್ಲ ಮೊದಲ ಸಲ. ಎರಡನೇ ದಿನ ಅದೇ ಜಾಗದಲ್ಲಿ ಕಂಡರೆ ನೋಡುತ್ತಾರೆ. ಮೂರನೇ ದಿನ ಕಂಡರೆ ಫೋಟೋ ತೆಗೆದು ಹಾಕುತ್ತಾರೆ. ಬೀದಿ ಸಾರ್ವಜನಿಕರದ್ದು ಅಂತ ಎಲ್ಲರಿಗೂ ಗೊತ್ತು, ಆದರೂ ತಮ್ಮ ಮನೆ ಮುಂದಿನ ಇಪ್ಪತ್ತು ಅಡಿ ತಮ್ಮದೇ ಅನ್ನಿಸಿಬಿಡುತ್ತದೆ. ನನಗೂ ಅನ್ನಿಸುತ್ತದೆ. ಅದರಲ್ಲೂ ಮಕ್ಕಳಿರುವ ಮನೆಯವರು ಒಳಗೆ ಯಾರಿದ್ದಾರೋ ಅಂತ ಹೆದರುತ್ತಾರೆ. ಬಹಳ ಸಲ ಸಿಟ್ಟಿಗಿಂತ ಭಯಕ್ಕೇ ಫೋನ್ ಮಾಡುವುದು.

ಪೊಲೀಸರಿಗೆ ಫೋನ್ ಹೋಗುವುದನ್ನು ನಾನು ನೋಡಿದ್ದು ಕೆಲವೇ ಕಾರಣಕ್ಕೆ. ಜನರೇಟರ್ ಸದ್ದು, ವ್ಯಾನಿನ ಕೆಳಗೆ ಸುರಿದ ನೀರು, ಚರಂಡಿ ಹತ್ತಿರ ಕಸದ ಚೀಲ, ಪೊದೆಯಲ್ಲಿ ಮೂತ್ರದ ಬಾಟಲಿ. ಪಾತ್ರೆ ತೊಳೆದ ನೀರನ್ನು ರಸ್ತೆ ಪಕ್ಕದ ಮೋರಿಗೆ ಚೆಲ್ಲಬೇಡಿ ದಯವಿಟ್ಟು. ಇಲ್ಲಿ ಆ ಮೋರಿ ಒಳಚರಂಡಿಗೆ ಸೇರುವುದಿಲ್ಲ, ಶುದ್ಧೀಕರಣವೇ ಇಲ್ಲದೆ ಹಳ್ಳದ ಮೂಲಕ ನೇರ ಕೊಲ್ಲಿಗೆ ಹೋಗುತ್ತದೆ. ಕಾನೂನಿನ ಪ್ರಕಾರವೂ ತಪ್ಪು.

ಯಾರಾದರೂ ಮಾತಾಡಿಸಿದರೆ ಮುಖ ತಿರುಗಿಸಬೇಡಿ. ಗುಡ್ ಮಾರ್ನಿಂಗ್ ಹೇಳಿ, ಈಗಲೇ ಹೊರಡುತ್ತಿದ್ದೇನೆ ಅನ್ನಿ, ಹೊರಡಿ, ಆ ಬೀದಿಗೆ ಮತ್ತೆ ಹೋಗಬೇಡಿ. ಚೀಟಿ ಸಿಕ್ಕ ಬೀದಿ ಮುಗಿಯಿತು ಅಂತ ತಿಳಿಯಿರಿ.

ಕಾವೇರಿದಂಡೆ:

ಎಲ್ಲರೂ ಉಪಾಯ ಹೇಳುತ್ತಿದ್ದೀರಿ, ನಾನು ಸ್ವಲ್ಪ ವಿರೋಧವಾಗಿ ಮಾತಾಡುತ್ತೇನೆ. ಸೀಗೆಪೊದೆ, ಬೇಜಾರು ಮಾಡಿಕೊಳ್ಳಬೇಡಿ. ಎಚ್-1ಬಿ ಸಂಬಳ ಬರುವವರು ಕನ್ನಡದ ಹುಡುಗರ ಜೊತೆ ರೂಮ್ ಹಂಚಿಕೊಂಡರೆ ಆಗುವುದಿಲ್ಲವಾ? ಬೇರೆ ದಾರಿಯೇ ಇಲ್ಲದೆ ಮಕ್ಕಳನ್ನು ಕಟ್ಟಿಕೊಂಡು, ಮನೆಯಂತೆ ಮಾಡಿದ ದೊಡ್ಡ ಗಾಡಿಯಾದ ಆರ್‌ವಿಯಲ್ಲಿ ಇರುವ ಸಂಸಾರಗಳಿವೆ. ಬೀದಿ ಬದಿ ಸಿಗುವ ಒಂದಿಷ್ಟು ಜಾಗ, ಜನರ ಒಂದಿಷ್ಟು ಸಹನೆ, ಅದು ಅವರಿಗೆ ಬೇಕು. ನಮ್ಮಂಥವರೂ ಅಲ್ಲಿಗೇ ಹೋಗಿ ನಿಂತರೆ ಊರಿನವರು ಸಿಟ್ಟಾಗಿ ಹೊಸ ಕಾನೂನು ತರುತ್ತಾರೆ, ಏಟು ಬೀಳುವುದು ಅವರಿಗೆ.

ಸೀಗೆಪೊದೆ:

ಕಾವೇರಿದಂಡೆ ಅವರೇ, ನೀವು ಹೇಳಿದ್ದು ನ್ಯಾಯವಾದ ಮಾತು. ರೂಮ್ ಹಂಚಿಕೊಂಡು ಇದ್ದು ನೋಡಿದವನೇ ನಾನು. ಅಲ್ಲಿಯೂ ನನ್ನ ಪಾಲಿಗೆ ಬರುತ್ತಿದ್ದ ಮೊತ್ತ ಊರಿನ ಸಾಲದ ಕಂತಿಗಿಂತ ಜಾಸ್ತಿ ಇತ್ತು. ಎರಡು ವರ್ಷ ಹೀಗಿದ್ದರೆ ಅಪ್ಪ ನಿಶ್ಚಿಂತೆಯಾಗಿ ನಿದ್ದೆ ಮಾಡುತ್ತಾರೆ, ನನಗೆ ಅದು ಮುಖ್ಯ. ಬೇರೆಯವರ ಜಾಗ ಕಿತ್ತುಕೊಳ್ಳಬಾರದು ಅನ್ನುವುದನ್ನು ಒಪ್ಪುತ್ತೇನೆ. ಆರ್‌ವಿ ಸಂಸಾರಗಳು ನಿಲ್ಲುವ ಸಾಲಿನಲ್ಲಿ ನಾನು ನಿಲ್ಲಿಸುವುದಿಲ್ಲ.

ಹಳೇಚಕ್ರ:

ಕಾವೇರಿದಂಡೆ ಎತ್ತಿದ ಮಾತಿಗೆ ಒಂದು ಸೇರಿಸುತ್ತೇನೆ. ನಿಜಕ್ಕೂ ದಾರಿಯಿಲ್ಲದವರಿಗೆ ಸೇಫ್ ಪಾರ್ಕಿಂಗ್ ಅಂತ ಇದೆ. 2004ರಲ್ಲಿ ಸ್ಯಾಂಟಾ ಬಾರ್ಬರಾದಲ್ಲಿ ಶುರುವಾದದ್ದು, ಚರ್ಚ್, ಕಚೇರಿ ಮುಂತಾದವುಗಳ ಪಾರ್ಕಿಂಗ್ ಲಾಟ್‌ಗಳಲ್ಲಿ ರಾತ್ರಿ ಗಾಡಿಯೊಳಗೆ ಮಲಗಲು ಅನುಮತಿ ಕೊಡುತ್ತಾರೆ. ಮೌಂಟನ್ ವ್ಯೂನಲ್ಲೂ ಇದೆ. ಅಲ್ಲಿ ಜಾಗ ಕಡಿಮೆ, ಸಂಬಳ ಇರುವ ನಾವು ಅಲ್ಲಿಗೆ ಹೋಗಬಾರದು. ಆದರೆ ಯಾರಾದರೂ ಕಷ್ಟದಲ್ಲಿರುವ ಕನ್ನಡದವರು ಸುಮ್ನೆ ಓದಿಕೊಂಡು ಹೋಗುತ್ತಿದ್ದರೆ ದಯವಿಟ್ಟು ವಿಚಾರಿಸಿ, ನಾಚಿಕೆ ಬೇಡ.

ಉಡುಪಿಕಡೆಯವಳು:

ನಾನು ಟ್ರಾವೆಲ್ ನರ್ಸ್. ಒಂದು ಆಸ್ಪತ್ರೆಯಲ್ಲಿ ಹದಿಮೂರು ವಾರ, ಆಮೇಲೆ ಇನ್ನೊಂದು ಊರು. ಟೊಯೋಟಾ ಸಿಯೆನಾ ಮಿನಿವ್ಯಾನಿನಲ್ಲಿ ಹಿಂದಿನ ಸೀಟು ತೆಗೆದು ಮಲಗುತ್ತೇನೆ.

ಗಾಡಿಯ ಎತ್ತರದ ಬಗ್ಗೆ ಯಾರೂ ಹೇಳಿಲ್ಲ, ಅದು ದೊಡ್ಡ ವಿಷಯ. ಮೌಂಟನ್ ವ್ಯೂನಲ್ಲಿ 2020ರ ನವೆಂಬರ್‌ನಲ್ಲಿ ಮತ ಹಾಕಿ ಮೆಷರ್ ಸಿ ಅನ್ನುವ ಊರಿನ ನಿಯಮ ಪಾಸ್ ಮಾಡಿದರು. 40 ಅಡಿ ಅಥವಾ ಅದಕ್ಕಿಂತ ಕಡಿಮೆ ಅಗಲದ ಬೀದಿಗಳಲ್ಲಿ ದೊಡ್ಡ ಗಾಡಿ ನಿಲ್ಲಿಸುವಂತಿಲ್ಲ. ದೊಡ್ಡದು ಅಂದರೆ 22 ಅಡಿಗಿಂತ ಉದ್ದ, ಇಲ್ಲವೇ 7 ಅಡಿಗಿಂತ ಎತ್ತರ ಅಥವಾ ಅಗಲ. ಸ್ಯಾನ್ ಫ್ರಾನ್ಸಿಸ್ಕೋ ಕೂಡ 2025ರಲ್ಲಿ ದೊಡ್ಡ ಗಾಡಿಗಳಿಗೆ ಎರಡು ಗಂಟೆ ಮಿತಿ ಹಾಕಿತು. ಸೀಗೆಪೊದೆ, ನಿಮ್ಮ ಹೈ ರೂಫ್ ವ್ಯಾನ್ 7 ಅಡಿ ದಾಟುತ್ತದೆ. ಅಂದರೆ ನೀವು ಮಲಗಿದ್ದೀರೋ ಇಲ್ಲವೋ ಅಂತ ಯಾರೂ ನೋಡಬೇಕಾಗಿಲ್ಲ, ನಿಲ್ಲಿಸಿದ್ದಕ್ಕೇ ಟಿಕೆಟ್ ಬರಬಹುದು. ನನ್ನ ಸಿಯೆನಾ ಆರಡಿ ಒಳಗೇ ಇದೆ. ಯಾವ ಮನೆ ಮುಂದೆ ನಿಂತರೂ ಆ ಮನೆಯವರದ್ದೇ ಗಾಡಿ ಅನ್ನುವ ಹಾಗಿರುತ್ತದೆ. ನೆಟ್ಟಗೆ ನಿಲ್ಲಲು ಆಗಲ್ಲ, ಬೆನ್ನು ನೋಯುತ್ತದೆ, ಆದರೂ ನಾನು ಇದನ್ನೇ ಆರಿಸಿಕೊಂಡೆ.

ಅಡುಗೆ ಕೇಳಿದ್ದಿರಿ. ಒಗ್ಗರಣೆಯನ್ನು ವ್ಯಾನಿನೊಳಗೆ ಹಾಕಲೇಬೇಡಿ! ಸಾಸಿವೆ ಸಿಡಿದು ಇಂಗು ಕರಿಬೇವು ಬಿದ್ದರೆ ಆ ವಾಸನೆ ಹಾಸಿಗೆಗೂ ಆಫೀಸಿನ ಅಂಗಿಗೂ ಹತ್ತುತ್ತದೆ, ವಾರವಾದರೂ ಹೋಗಲ್ಲ. ಫ್ಯಾನ್ ಹಾಕಿದರೆ ಬೀದಿಗೆಲ್ಲ ಹಬ್ಬುತ್ತದೆ. ನಾನು ರಜೆಯ ದಿನ ಕೌಂಟಿ ಪಾರ್ಕಿನ ಪಿಕ್ನಿಕ್ ಮೇಜಿನ ಮೇಲೆ ಸಣ್ಣ ಸ್ಟವ್ ಇಟ್ಟು ಪುಳಿಯೋಗರೆ ಗೊಜ್ಜು, ಒಂದು ಬಾಟಲಿ ಒಗ್ಗರಣೆ ಎಣ್ಣೆ ಮಾಡಿಟ್ಟುಕೊಳ್ಳುತ್ತೇನೆ. ಪಾರ್ಕಿನಲ್ಲಿ ಯಾರು ಅಡುಗೆ ಮಾಡಿದರೂ ಯಾರೂ ತಿರುಗಿ ನೋಡಲ್ಲ. ವಾರದ ದಿನ ಒಲೆಯೇ ಬೇಡದ ಊಟ: ಗೊಜ್ಜವಲಕ್ಕಿ, ಹುರಿಹಿಟ್ಟು, ಮೊಸರವಲಕ್ಕಿ, ಚಟ್ನಿಪುಡಿ. ಅನ್ನಕ್ಕೆ ಪುಟ್ಟ ರೈಸ್ ಕುಕ್ಕರ್. 100 ಆಂಪಿಯರ್-ಅವರ್ ಲಿಥಿಯಂ ಬ್ಯಾಟರಿಯಲ್ಲಿ ಸುಮಾರು 1280 ವ್ಯಾಟ್-ಅವರ್ ಇರುತ್ತದೆ. 400 ವ್ಯಾಟ್‌ನ ಕುಕ್ಕರ್ ಅರ್ಧ ಗಂಟೆ ಓಡಿದರೆ 200 ಖರ್ಚು. ಇಂಡಕ್ಷನ್ ಒಲೆ ಬೇಡ, ಬ್ಯಾಟರಿ ತಿಂದು ಹಾಕುತ್ತದೆ, ಇನ್ವರ್ಟರ್ ಫ್ಯಾನ್ ಸದ್ದು ಬೇರೆ.

ಹೆಣ್ಣುಮಕ್ಕಳು ಓದುತ್ತಿದ್ದರೆ: ಡ್ರೈವರ್ ಸೀಟಿಗೆ ಹೋಗುವ ದಾರಿಯಲ್ಲಿ ರಾತ್ರಿ ಏನೂ ಇಡಬೇಡಿ, ಬೀಗದ ಕೈ ಯಾವಾಗಲೂ ಒಂದೇ ಕಡೆ ಇರಲಿ, ಗಾಡಿಯ ಮುಂದೆ ಇನ್ನೊಂದು ಗಾಡಿ ಬಂದು ನಿಂತರೂ ಹೊರಡಲು ಆಗುವಷ್ಟು ಜಾಗ ಬಿಟ್ಟು ನಿಲ್ಲಿಸಿ. ಏನಾದರೂ ಸರಿಯಿಲ್ಲ ಅನ್ನಿಸಿದರೆ ಯೋಚಿಸುತ್ತಾ ಕೂರಬೇಡಿ, ಸ್ಟಾರ್ಟ್ ಮಾಡಿ ಹೊರಟುಬಿಡಿ. ಅಲ್ಲಿದ್ದಾಗ ಆ ಜಾಗದ ಫೋಟೋ ಎಲ್ಲೂ ಹಾಕಬೇಡಿ.

ಕೋರ್ಟುಕಚೇರಿ:

ವಕೀಲರ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ, ನಾನೇ ವಕೀಲ ಅಲ್ಲ. ಸಾಮಾನ್ಯ ಮಾಹಿತಿ ಅಂತ ಓದಿ.

ಗಾಡಿಯಲ್ಲಿ ವಾಸ ಮಾಡುವುದರ ಮೇಲೆ ಲಾಸ್ ಏಂಜಲೀಸ್‌ನಲ್ಲಿ 1983ರಿಂದ ನಿಷೇಧ ಇತ್ತು. 2014ರಲ್ಲಿ ಒಂಬತ್ತನೇ ಸರ್ಕ್ಯೂಟ್ ಅನ್ನುವ ಫೆಡರಲ್ ಮೇಲ್ಮನವಿ ಕೋರ್ಟ್ ಡೆಸರ್ಟ್‌ರೇನ್ ಕೇಸಿನಲ್ಲಿ ಅದನ್ನು ಹೊಡೆದುಹಾಕಿತು. ಯಾವುದು ಅಪರಾಧ ಅಂತ ಸ್ಪಷ್ಟವೇ ಇಲ್ಲ, ಗಾಡಿಯಲ್ಲಿ ಊಟದ ಡಬ್ಬಿ, ಹೊದಿಕೆ ಇಟ್ಟುಕೊಂಡವರನ್ನೆಲ್ಲ ಹಿಡಿಯಬಹುದು ಅನ್ನುವುದು ಕಾರಣ. ಪಾಲೊ ಆಲ್ಟೊ 2013ರಲ್ಲಿ ಅಂಥದ್ದೇ ನಿಷೇಧ ತಂದು, ಈ ತೀರ್ಪಿನ ಮೇಲೆ 2014ರಲ್ಲಿ ವಾಪಸ್ ತೆಗೆದುಕೊಂಡಿತು. ಆದರೆ 2024ರ ಜೂನ್ 28ರಂದು ಸುಪ್ರೀಂ ಕೋರ್ಟ್ ಗ್ರಾಂಟ್ಸ್ ಪಾಸ್ ಕೇಸಿನಲ್ಲಿ 6-3ರಲ್ಲಿ ತೀರ್ಪು ಕೊಟ್ಟು, ಸಾರ್ವಜನಿಕ ಜಾಗದಲ್ಲಿ ಬೀಡುಬಿಡುವುದನ್ನು ಊರುಗಳು ಶಿಕ್ಷಿಸಬಹುದು ಅಂದಿತು, ಮಲಗಲು ಬೇರೆ ಜಾಗ ಸಿಗದವರನ್ನೂ ಸಹ. ಅದಾದ ಮೇಲೆ ಊರೂರಿಗೆ ನಿಯಮ ಬದಲಾಗುತ್ತಿದೆ. ಹಾಗಾಗಿ ನೀವು ಮಲಗುವ ಪ್ರತಿ ಊರಿನ ಮುನ್ಸಿಪಲ್ ಕೋಡ್ ಓದಿ. ಹಳೆಯ ವಿಡಿಯೋ ನಂಬಬೇಡಿ.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ನಿಮಗೆ ಅದು ಮನೆ, ಆದರೆ ಪೊಲೀಸ್ ಹುಡುಕಾಟದ ಲೆಕ್ಕದಲ್ಲಿ ಅದು ಗಾಡಿ. 1985ರ ಕಾರ್ನಿ ಕೇಸಿನಲ್ಲಿ ಸ್ಯಾನ್ ಡಿಯಾಗೋದ ಪಾರ್ಕಿಂಗ್ ಲಾಟ್‌ನಲ್ಲಿ ನಿಂತಿದ್ದ ಮೋಟಾರ್ ಹೋಮ್ ಬಗ್ಗೆ ಸುಪ್ರೀಂ ಕೋರ್ಟ್ ಹಾಗೇ ಹೇಳಿದೆ. ಅಪರಾಧ ನಡೆದಿದೆ ಅಂತ ನಂಬಲು ಬಲವಾದ ಆಧಾರ (ಪ್ರಾಬಬಲ್ ಕಾಸ್) ಇದ್ದರೆ ಮನೆಗೆ ಬೇಕಾಗುವ ಸರ್ಚ್ ವಾರಂಟ್ ಇದಕ್ಕೆ ಬೇಕಾಗದು. ಬಾಗಿಲು ತಟ್ಟಿದರೆ ಶಾಂತವಾಗಿ ಮಾತಾಡಿ, ಕೈ ಕಾಣುವಂತಿರಲಿ, ಸುಳ್ಳು ಹೇಳಬೇಡಿ, ಹೊರಡಿ ಅಂದರೆ ಹೊರಡಿ. ಒಳಗೆ ನೋಡಬಹುದಾ ಅಂತ ಕೇಳಿದರೆ ಬೇಡ ಅಂತ ವಿನಯವಾಗಿ ಹೇಳುವ ಹಕ್ಕು ನಿಮಗಿದೆ. ಕುಡಿದ ರಾತ್ರಿ ಡ್ರೈವರ್ ಸೀಟಿನಲ್ಲಿ ಕೂರಲೇಬೇಡಿ. ಅರಿಜೋನಾದಂಥ ರಾಜ್ಯಗಳಲ್ಲಿ ಗಾಡಿ ಓಡಿಸದಿದ್ದರೂ ಅದು ನಿಮ್ಮ ಹಿಡಿತದಲ್ಲಿತ್ತು ಅಂತ ಕೇಸ್ ಹಾಕಬಹುದು.

ಈಗ ವೀಸಾ. ವಿಳಾಸ ಬದಲಾದ 10 ದಿನದೊಳಗೆ ಅದನ್ನು ಇಮಿಗ್ರೇಷನ್ ಇಲಾಖೆಗೆ ತಿಳಿಸುವ ಎಆರ್-11 ಫಾರ್ಮ್ ತುಂಬಬೇಕು, ಎಚ್-1ಬಿಯವರಿಗೂ ಇದು ಕಡ್ಡಾಯ. ಅದರಲ್ಲಿ ವಾಸದ ವಿಳಾಸ ಬೇರೆ, ಅಂಚೆ ವಿಳಾಸ ಬೇರೆ ಕೇಳುತ್ತಾರೆ. ಬಾಡಿಗೆ ಅಂಚೆಪೆಟ್ಟಿಗೆಯನ್ನು ವಾಸದ ವಿಳಾಸ ಅಂತ ಬರೆಯಬೇಡಿ, ಗೆಳೆಯನ ಮನೆಯಲ್ಲಿ ಇಲ್ಲದೆ ಇದ್ದೇನೆ ಅಂತಲೂ ಬರೆಯಬೇಡಿ. ಇಮಿಗ್ರೇಷನ್ ವಕೀಲರಿಗೆ ಒಂದು ಗಂಟೆಯ ಫೀಸ್ ಕೊಟ್ಟು ಇದ್ದದ್ದು ಇದ್ದ ಹಾಗೆ ಹೇಳಿ, ಅವರು ಹೇಳಿದಂತೆ ತುಂಬಿ. ಈ ಒಂದು ಖರ್ಚನ್ನು ಉಳಿಸಲು ಹೋಗಬೇಡಿ. ಗಾಡಿಯ ಇನ್ಶೂರೆನ್ಸ್ ಕಂಪನಿಗೂ ರಾತ್ರಿ ಗಾಡಿ ಯಾವ ಪ್ರದೇಶದಲ್ಲಿ ಇರುತ್ತದೆ ಅಂತ ನಿಜ ಹೇಳಿ, ಇಲ್ಲದಿದ್ದರೆ ಕ್ಲೇಮ್ ಹೊತ್ತಿಗೆ ತಕರಾರು ಬರುತ್ತದೆ. ಬೀದಿಯವರ ಕಣ್ಣಿಗೆ ಬೀಳದೆ ಇರಿ, ಕಾಗದಪತ್ರದಲ್ಲಿ ಮಾತ್ರ ಏನನ್ನೂ ಮರೆಮಾಡಬೇಡಿ.

ಲಾರಿಮನೆ_ಚಿತ್ರದುರ್ಗ:

ನಾನು ಅಮೆರಿಕ ನೋಡಿಲ್ಲ. ನಮ್ಮಪ್ಪ ಜೀವನಪೂರ್ತಿ ಲಾರಿ ಓಡಿಸಿದವರು, ಪುಣೆ-ಬೆಂಗಳೂರು ಹೈವೇನೇ ಅವರ ಮನೆ ಆಗಿತ್ತು. ಓದುತ್ತಾ ಓದುತ್ತಾ ಅವರ ಮಾತು ನೆನಪಾಯಿತು. ಒಂಟಿಯಾಗಿ ನಿಂತ ಲಾರಿಗೇ ಡೀಸೆಲ್ ಕಳ್ಳರು ಬರುವುದು, ಹತ್ತು ಲಾರಿ ನಿಂತ ಕಡೆ ಹನ್ನೊಂದನೆಯದಾಗಿ ನಿಲ್ಲು ಅನ್ನುತ್ತಿದ್ದರು. ಬಂಕ್, ಡಾಬಾ, ಟೋಲ್ ಹತ್ತಿರ ಸಾಲಾಗಿ ನಿಲ್ಲಿಸಿ ಕ್ಯಾಬಿನ್‌ನಲ್ಲಿ ಮಲಗುತ್ತಿದ್ದರು, ಯಾರೂ ಏನೂ ಕೇಳುತ್ತಿರಲಿಲ್ಲ. ಡ್ರೈವರ್ ಗಾಡಿಯಲ್ಲೇ ಮಲಗುವುದು ಇಲ್ಲಿ ಯಾರಿಗೂ ಸುದ್ದಿಯೇ ಅಲ್ಲ. ಅಲ್ಲಿಯೂ ನಿಮ್ಮದು ಕೆಲಸದ ವ್ಯಾನ್ ಅಂದಿರಿ, ಅಂಥವೇ ವ್ಯಾನ್‌ಗಳು ನಿಲ್ಲುವ ಕಡೆ ನಿಲ್ಲಿಸಲು ಆಗಲ್ವಾ ಅಣ್ಣ?

ಹಳೇಚಕ್ರ:

ಲಾರಿಮನೆ, ನಿಮ್ಮಪ್ಪ ಹೇಳಿದ್ದು ಇಲ್ಲಿಗೂ ಸರಿ ಹೊಂದುತ್ತದೆ. ಪ್ಲಂಬರ್, ಎಲೆಕ್ಟ್ರಿಷಿಯನ್‌ಗಳು ವಾಸಿಸುವ ಅಪಾರ್ಟ್‌ಮೆಂಟ್ ಬೀದಿಗಳಲ್ಲಿ ಸಂಜೆ ಬಿಳಿ ವ್ಯಾನ್‌ಗಳ ಸಾಲೇ ಇರುತ್ತದೆ. ಸೀಗೆಪೊದೆ ಅವರ ವ್ಯಾನ್ ಮೇಲೆ ಏಣಿ ಇಡುವ ಕಂಬಿ ಇದ್ದರೆ ಅದನ್ನು ತೆಗೆಸಬೇಡಿ. ಸೋಲಾರ್ ಪ್ಯಾನಲ್ ಹಾಕುವುದಾದರೆ ಕಂಬಿಯ ನಡುವೆ ಚಪ್ಪಟೆಯಾಗಿ ಕೂರಿಸಿ, ಕೆಳಗಿನಿಂದ ಕಾಣಲ್ಲ. ಗಾಡಿಯನ್ನು ತೊಳೆದು ಇಟ್ಟುಕೊಳ್ಳಿ, ಒಡೆದ ಲೈಟ್, ಮುಗಿದ ರಿಜಿಸ್ಟ್ರೇಷನ್ ಸ್ಟಿಕ್ಕರ್ ಇರಬಾರದು. ಆದರೆ ಇಲ್ಲದ ಕಂಪನಿಯ ಹೆಸರು ಬರೆಸುವುದು, ಸುಳ್ಳು ಬೋರ್ಡ್ ಅಂಟಿಸುವುದು, ಕೆಲವರು ಹೇಳಿಕೊಡುತ್ತಾರೆ, ಅದು ನನಗೆ ಇಷ್ಟವಿಲ್ಲ. ಪೊಲೀಸರು ಕೇಳಿದರೆ ಉತ್ತರ ಇರುವುದಿಲ್ಲ.

ಟಕೋಮಾ_ತುಮಕೂರು:

ವಾಷಿಂಗ್ಟನ್ ರಾಜ್ಯದಿಂದ. ನಮ್ಮಲ್ಲಿ ಮಳೆ, ಚಳಿ, ಹಾಗಾಗಿ ಹೀಟರ್ ಬಗ್ಗೆ ಎರಡು ಮಾತು. ಡೀಸೆಲ್ ಹೀಟರ್ ಒಳಗೆ ಒಣ ಬಿಸಿ ಕೊಡುತ್ತದೆ, ಆದರೆ ಅದರ ಪಂಪ್ ಟಿಕ್ ಟಿಕ್ ಅನ್ನುತ್ತದೆ, ಸ್ಟಾರ್ಟ್ ಆಗುವಾಗ ಹೊಗೆ ಬರುತ್ತದೆ. ಮಲಗುವ ಬೀದಿಗೆ ಬರುವ ಮೊದಲೇ ವ್ಯಾನ್ ಬೆಚ್ಚಗೆ ಮಾಡಿಕೊಳ್ಳಿ, ಆಮೇಲೆ ದಪ್ಪ ರಜಾಯಿ ಸಾಕು. ಬೇ ಏರಿಯಾದಲ್ಲಿ ಹೀಟರ್ ಇಲ್ಲದೆಯೂ ನಡೆಯುತ್ತದೆ. ಗ್ಯಾಸ್ ಸ್ಟವ್ ಹಚ್ಚಿ ಮೈ ಬೆಚ್ಚಗೆ ಮಾಡಿಕೊಳ್ಳುವುದು ಮಾತ್ರ ಯಾವ ಕಾರಣಕ್ಕೂ ಬೇಡ. ಪ್ರೊಪೇನ್ ಉರಿದಾಗ ನೀರಿನ ಆವಿಯೂ ಬರುತ್ತದೆ, ಗಾಜೆಲ್ಲ ಮಬ್ಬಾಗುತ್ತದೆ, ಮೇಲಾಗಿ ಕಾರ್ಬನ್ ಮೊನಾಕ್ಸೈಡ್ (ಸಿಒ) ಅನ್ನುವ ವಿಷಾನಿಲ. ಅದಕ್ಕೆ ವಾಸನೆ ಇಲ್ಲ, ನಿದ್ದೆಯಲ್ಲೇ ಪ್ರಾಣ ಹೋಗುತ್ತದೆ. ಕಣ್ಣಿಗೆ ಬೀಳಬಾರದು ಅಂತ ಎಲ್ಲ ಸಂದಿ ಮುಚ್ಚಿಕೊಂಡು ಮಲಗುವವರಿಗೇ ಈ ಅಪಾಯ ಜಾಸ್ತಿ. ಬ್ಯಾಟರಿಯ ಸಿಒ ಅಲಾರಂ ತಲೆ ಹತ್ತಿರ ಇರಲಿ, ಅದು ಕಿರುಚಿ ಬೀದಿಗೆಲ್ಲ ಗೊತ್ತಾದರೂ ಪರವಾಗಿಲ್ಲ.

ಕೋರ್ಟುಕಚೇರಿ ಅವರು ಹೇಳಿದ್ದಕ್ಕೆ ಪೂರಕವಾಗಿ: ನಮ್ಮ ರಾಜ್ಯದ ಸುಪ್ರೀಂ ಕೋರ್ಟ್ 2021ರಲ್ಲಿ ಸ್ಟೀವನ್ ಲಾಂಗ್ ಕೇಸಿನಲ್ಲಿ ಬೇರೆ ರೀತಿ ಹೇಳಿದೆ. ಅವರು ಸಿಯಾಟಲ್‌ನಲ್ಲಿ ತಮ್ಮ ಟ್ರಕ್‌ನಲ್ಲೇ ವಾಸಿಸುತ್ತಿದ್ದರು, 72 ಗಂಟೆ ನಿಯಮ ಹಿಡಿದು ನಗರಾಡಳಿತ 2016ರಲ್ಲಿ ಅದನ್ನು ಎಳೆದುಕೊಂಡು ಹೋಯಿತು, ಆ ಖರ್ಚಿಗೆ ಅವರ ಮೇಲೆ ತಿಂಗಳಿಗೆ 50 ಡಾಲರ್ ಕಂತು ಹಾಕಿತು. ಸಾಲಕ್ಕೆ ಜಪ್ತಿಯಾಗದಂತೆ ಮನೆಗೆ ಇರುವ ಕಾನೂನಿನ ರಕ್ಷಣೆ ವಾಸವಿರುವ ಗಾಡಿಗೂ ಸಿಗುತ್ತದೆ, ಅಂಥ ಬಡವನಿಗೆ ಆ ಮೊತ್ತ ಅತಿಯಾಯಿತು ಅಂತ ಕೋರ್ಟ್ ಅಂದಿತು. ಇದು ವಾಷಿಂಗ್ಟನ್‌ಗೆ ಮಾತ್ರ, ಕ್ಯಾಲಿಫೋರ್ನಿಯಾದವರು ಇದನ್ನು ಹಿಡಿದು ವಾದ ಮಾಡಬೇಡಿ.

ಸೀಗೆಪೊದೆ:

ಎಲ್ಲರ ಮಾತನ್ನೂ ಓದಿ ಓದಿ ಬರೆದಿಟ್ಟುಕೊಂಡೆ. ಇನ್ನೊಂದು ಕೇಳಲಾ? ಅಮ್ಮ ವಾರಕ್ಕೊಮ್ಮೆ ವಿಡಿಯೋ ಕಾಲ್ ಮಾಡುತ್ತಾರೆ. ಆಫೀಸಿನ ಮೀಟಿಂಗ್ ರೂಮಿನಲ್ಲಿ ಕೂತು ಮಾತಾಡುತ್ತೇನೆ. ಕನ್ನಡ ಕೂಟದ ಕಾರ್ಯಕ್ರಮಕ್ಕೆ ಹೋದರೆ ಮೊದಲ ಪ್ರಶ್ನೆಯೇ ಮನೆ ಎಲ್ಲಿ ಮಾಡಿದ್ದೀಯಪ್ಪ ಅಂತ, ಹಾಗಾಗಿ ಹೋಗುವುದನ್ನೇ ಬಿಟ್ಟೆ. ಬೀದಿಯವರಿಂದ ಮರೆಯಾಗಲು ಹೊರಟು ನಮ್ಮವರಿಂದಲೂ ಮರೆಯಾಗುತ್ತಿದ್ದೇನೆ ಅನ್ನಿಸುತ್ತಿದೆ. ಇದನ್ನು ನೀವೆಲ್ಲ ಹೇಗೆ ನಿಭಾಯಿಸುತ್ತೀರಿ?

ಉಡುಪಿಕಡೆಯವಳು:

ತಮ್ಮಾ, ಅಮ್ಮನಿಗೆ ಹೇಳುವುದು ಬಿಡುವುದು ನಿಮಗೆ ಬಿಟ್ಟದ್ದು. ನನ್ನ ಅಮ್ಮನಿಗೆ ನಾನು ಹೇಳಿಲ್ಲ, ಅಣ್ಣನಿಗೆ ಹೇಳಿದ್ದೇನೆ. ಆದರೆ ಅಮೆರಿಕದಲ್ಲಿ, ನಿಮ್ಮದೇ ಟೈಮ್ ಜೋನಿನಲ್ಲಿ, ಒಬ್ಬರಿಗಾದರೂ ನಿಜ ಗೊತ್ತಿರಲೇಬೇಕು. ನನ್ನ ಫೋನ್ ಎಲ್ಲಿದೆ ಅಂತ ನನ್ನ ಜೊತೆ ಕೆಲಸ ಮಾಡುವ ಮಲಯಾಳಿ ಗೆಳತಿಗೆ ಯಾವಾಗಲೂ ಕಾಣುತ್ತಿರುತ್ತದೆ. ಬೆಳಿಗ್ಗೆ ಎದ್ದು ಒಂದು ಮೆಸೇಜ್ ಹಾಕುತ್ತೇನೆ, ಒಂಬತ್ತು ಗಂಟೆಯವರೆಗೆ ಬಾರದಿದ್ದರೆ ಅವಳು ಫೋನ್ ಮಾಡುತ್ತಾಳೆ, ಎತ್ತದಿದ್ದರೆ ಹುಡುಕಿಕೊಂಡು ಬರುತ್ತಾಳೆ. ರಾತ್ರಿ ಜ್ವರ ಬಂದು ಏಳಲಾಗದೆ ಮಲಗಿದರೆ ಆ ಬೀದಿಯಲ್ಲಿ ಯಾರಿಗೂ ಗೊತ್ತಾಗಲ್ಲ, ಗೊತ್ತಾಗಬಾರದು ಅಂತಲೇ ಅಲ್ವಾ ನಾವು ಇಷ್ಟೆಲ್ಲ ಮಾಡಿರುವುದು. ನರ್ಸ್ ಆಗಿ ಹೇಳುತ್ತಿದ್ದೇನೆ, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಕೂಟಕ್ಕೆ ಹೋಗಿ. ಸ್ಯಾನ್ ಹೋಸೆ ಕಡೆ ಇದ್ದೇನೆ ಅನ್ನಿ, ಅದು ನಿಜವೇ. ಅದಕ್ಕಿಂತ ಜಾಸ್ತಿ ಯಾರೂ ಬಿಡಿಸಿ ಕೇಳಲ್ಲ, ಕೇಳಿದರೆ ಮಕ್ಕಳ ಡ್ಯಾನ್ಸ್ ಶುರುವಾಯಿತು ನೋಡಿ ಅಂತ ಮಾತು ತಿರುಗಿಸಿ.

ಕಾವೇರಿದಂಡೆ:

ಮೊದಲು ವಿರೋಧ ಹೇಳಿದ್ದೆ, ಅಭಿಪ್ರಾಯ ಪೂರ್ತಿ ಬದಲಾಗಿಲ್ಲ. ಆದರೂ ಹತ್ತಿರದಲ್ಲೇ ಇದ್ದೇನೆ, ಫ್ರೀಮಾಂಟ್‌ನಲ್ಲಿ. ಭಾನುವಾರ ನಮ್ಮ ಮನೆಗೆ ಬನ್ನಿ, ಬಟ್ಟೆ ಒಗೆದುಕೊಳ್ಳಿ, ಬಿಸಿನೀರಿನ ಸ್ನಾನ ಮಾಡಿ, ಸಾರನ್ನ ಊಟ ಮಾಡಿ ಹೋಗಿ. ಬೆಳಗಿನ ಮೆಸೇಜ್ ನನಗೇ ಹಾಕಬಹುದು. ಖಾಸಗಿ ಸಂದೇಶದಲ್ಲಿ ನಂಬರ್ ಕಳಿಸಿದ್ದೇನೆ.

ಸೀಗೆಪೊದೆ:

ಸಂದೇಶ ನೋಡಿದೆ, ಖಂಡಿತ ಬರುತ್ತೇನೆ. ತುಂಬಾ ಥ್ಯಾಂಕ್ಸ್.

ಸದ್ಯಕ್ಕೆ ಹೀಗೆ ಮಾಡಿದ್ದೇನೆ. ಚೀಟಿ ಸಿಕ್ಕ ಬೀದಿಗೆ ಮತ್ತೆ ಹೋಗಿಲ್ಲ. ಕಿಟಕಿ ಮರೆಗಳಿಗೆ ಕಪ್ಪು ಬಟ್ಟೆ ಹೊಲಿಯುತ್ತಿದ್ದೇನೆ. ಪ್ಲಾನೆಟ್ ಫಿಟ್‌ನೆಸ್ ಜಿಮ್‌ನ ಬ್ಲ್ಯಾಕ್ ಕಾರ್ಡ್ ಸದಸ್ಯತ್ವ ತೆಗೆದುಕೊಂಡೆ, ಯಾವ ಬ್ರಾಂಚಿನಲ್ಲಾದರೂ ಸ್ನಾನ ಮಾಡಬಹುದು. ಸಿಒ ಅಲಾರಂ ತಂದೆ. ವಕೀಲರ ಹತ್ತಿರ ಗುರುವಾರಕ್ಕೆ ಅಪಾಯಿಂಟ್‌ಮೆಂಟ್ ಸಿಕ್ಕಿದೆ. ಹೈ ರೂಫ್ ವ್ಯಾನ್ ಮಾರಿ ಮಿನಿವ್ಯಾನ್ ಕೊಳ್ಳುವುದಾ ಅಂತ ಯೋಚನೆ ನಡೆದಿದೆ, ಅಕ್ಕ ಹೇಳಿದ 7 ಅಡಿ ಲೆಕ್ಕ ತಲೆಯಲ್ಲಿ ಕೊರೆಯುತ್ತಿದೆ.

ಹಳೇಚಕ್ರ:

ಮಾರುವ ಮೊದಲು ನೀವು ಮಲಗುವ ಊರುಗಳ ಪಟ್ಟಿ ಮಾಡಿ, ಯಾವ ಊರಿನಲ್ಲಿ ಎತ್ತರದ ನಿಯಮ ಇದೆ ಅಂತ ನೋಡಿಕೊಳ್ಳಿ, ಎಲ್ಲ ಕಡೆ ಇಲ್ಲ. ವಾರಾಂತ್ಯಕ್ಕೆ ನೆವಾಡಾ ಕಡೆ ಕೇಂದ್ರ ಸರ್ಕಾರದ ಭೂ ಇಲಾಖೆಯಾದ ಬಿಎಲ್‌ಎಂ ಜಮೀನಿಗೆ ಒಮ್ಮೆ ಹೋಗಿ ಬನ್ನಿ. ಅಲ್ಲಿ ಸಾಮಾನ್ಯವಾಗಿ ಒಂದು ಜಾಗದಲ್ಲಿ 28 ದಿನದಲ್ಲಿ 14 ದಿನ ಉಚಿತವಾಗಿ ಇರಬಹುದು, ಬಾಗಿಲು ತೆರೆದಿಟ್ಟು ಒಗ್ಗರಣೆ ಹಾಕಬಹುದು. ದೂರದ ದಾರಿಯಲ್ಲಿ ನಿದ್ದೆ ಬಂದರೆ ಕ್ಯಾಲಿಫೋರ್ನಿಯಾದ ರೆಸ್ಟ್ ಏರಿಯಾಗಳಲ್ಲಿ 24 ಗಂಟೆಯಲ್ಲಿ 8 ಗಂಟೆ ನಿಲ್ಲಿಸಬಹುದು. ಏಣಿ ಕಂಬಿ ಇದೆಯಾ ಅಂತ ಹೇಳಲೇ ಇಲ್ಲ ನೀವು. ಇದ್ದರೆ ಒಂದು ಫೋಟೋ ಕಳಿಸಿ, ಪ್ಯಾನಲ್ ಹೇಗೆ ಕೂರಿಸಬೇಕು ಅಂತ ಗುರುತು ಹಾಕಿ ಕೊಡುತ್ತೇನೆ.